ಹಳೇ ಕ್ರೂಸ್ ಹಡಗು, ಇಡೀ ದಿನ ಬರೀ ಸಮುದ್ರ. ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ದಡದವಳು:

ಎಲ್ಲರಿಗೂ ನಮಸ್ಕಾರ. ನಾನೂ ಅಮ್ಮನೂ ಒಂದು ಕ್ರೂಸ್‌ಗೆ ಹೊರಟಿದ್ದೇವೆ, ಟಿಕೆಟ್ ಆಗಿದೆ. ಹಡಗು 1990ರ ದಶಕದಲ್ಲಿ ಕಟ್ಟಿದ್ದು. ಹೊಸ ಹಡಗುಗಳಲ್ಲಿರುವ ನೀರಿನ ಜಾರುಬಂಡೆ, ಐಸ್ ಮೈದಾನ ಇದೆಲ್ಲ ನಮಗೆ ಬೇಡ. ಅಮ್ಮನಿಗೆ ಇರುವುದು ಒಂದೇ ಆಸೆ: ಯಾವ ಕಡೆ ತಿರುಗಿದರೂ ದಡ ಕಾಣಬಾರದು, ಸುತ್ತ ನೀರೇ ಇರಬೇಕು, ಅಂಥ ಜಾಗದಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದು ದಿನ ಇರಬೇಕು. ನಮ್ಮ ಪ್ರಯಾಣದ ಪಟ್ಟಿಯಲ್ಲಿ ಯಾವ ಬಂದರೂ ಇಲ್ಲದ ದಿನಗಳಿವೆ, ಅದಕ್ಕೇ ಇದನ್ನು ಆರಿಸಿದ್ದು.

ಆದರೆ ಈಗ ಗೊತ್ತಿದ್ದವರೆಲ್ಲ ಹೆದರಿಸುತ್ತಿದ್ದಾರೆ. ಹಳೇ ಹಡಗು, ಮಧ್ಯ ಸಮುದ್ರದಲ್ಲಿ ಕೆಟ್ಟು ನಿಂತರೆ ಏನು ಮಾಡುತ್ತೀರಿ ಅಂತ ಒಬ್ಬರು. ಇಡೀ ದಿನ ನೋಡೋಕೆ ಏನಿದೆ, ಬೇಜಾರಾಗುತ್ತದೆ ಅಂತ ಇನ್ನೊಬ್ಬರು. ಹಡಗಿನ ಫೋಟೋ ಹುಡುಕಿ ನೋಡಿದೆ. ಲಂಗರಿನ ಕೆಳಗೆ ಬಿಳಿ ಬಣ್ಣದ ಮೇಲೆ ಕಂದು ಬಣ್ಣದ ತುಕ್ಕು ಉದ್ದಕ್ಕೆ ಸೋರಿದ ಹಾಗಿದೆ. ಅದನ್ನು ನೋಡಿ ನನಗೂ ಸ್ವಲ್ಪ ಅಳುಕು ಶುರುವಾಗಿದೆ. ನಮ್ಮ ಕ್ಯಾಬಿನ್ ಹಿಂಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ (ಹಡಗಿನ ಮಹಡಿ), ಕಿಟಕಿ ಇಲ್ಲದ್ದು. ಅಮ್ಮನಿಗೆ ಬಸ್ಸಿನಲ್ಲೇ ಹೊಟ್ಟೆ ತೊಳೆಸುತ್ತದೆ, ಮಂಡಿ ನೋವೂ ಇದೆ.

ಹಳೇ ಹಡಗಿನಲ್ಲಿ ನಿಜವಾಗಿ ಹೋಗಿ ಬಂದವರು, ಅಥವಾ ಹಡಗಿನಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಆ ಒಂದು ದಿನ ಹೇಗಿರುತ್ತದೆ? ಅಮ್ಮನಿಗೆ ಅದು ಚೆನ್ನಾಗಿ ಆಗಬೇಕು, ಅಷ್ಟೇ ನನ್ನ ಚಿಂತೆ.


ಅಲೆಗಳಹಾದಿ:

ಮೇಡಂ, ಧೈರ್ಯವಾಗಿ ಹೋಗಿ. ನಿಮ್ಮ ಅಮ್ಮನ ಆಸೆಗೆ ಹಳೇ ಹಡಗೇ ಸರಿ. ನಾನು ಹೊಸದರಲ್ಲೂ ಹೋಗಿದ್ದೇನೆ, ಹಳೇದರಲ್ಲೂ ಹೋಗಿದ್ದೇನೆ, ಮತ್ತೆ ಮತ್ತೆ ಹುಡುಕಿಕೊಂಡು ಹೋಗುವುದು ಹಳೇದಕ್ಕೇ. ಕಾರಣ ಹೇಳುತ್ತೇನೆ.

ಈಗಿನ ದೊಡ್ಡ ಹಡಗುಗಳು ಒಳಮುಖವಾಗಿವೆ. ನಡುವೆ ಉದ್ಯಾನ, ಅಂಗಡಿ ಬೀದಿ, ನಾಟಕಶಾಲೆ. 1988ರಲ್ಲಿ ಸಾವರಿನ್ ಆಫ್ ದಿ ಸೀಸ್ ಅನ್ನುವ ಕ್ರೂಸ್ ಹಡಗು ಬಂದಾಗ ಅದರ ಗ್ರಾಸ್ ಟನ್ನೇಜ್ (ತೂಕ ಅಲ್ಲ, ಹಡಗಿನ ಒಳಗಿನ ಜಾಗದ ಅಳತೆ) ಸುಮಾರು 73 ಸಾವಿರ, ಆಗ ಅದನ್ನೇ ಜನ ಬಾಯಿ ಬಿಟ್ಟುಕೊಂಡು ನೋಡಿದ್ದರು. 2024ರಲ್ಲಿ ಬಂದ ಐಕಾನ್ ಆಫ್ ದಿ ಸೀಸ್ 2 ಲಕ್ಷ 48 ಸಾವಿರ ದಾಟಿದೆ. ಅಷ್ಟು ದೊಡ್ಡದರಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಸಮುದ್ರದ ಕಡೆ ತಿರುಗಿಯೂ ನೋಡದೆ ಕಾಲ ಕಳೆಯಬಹುದು. ಹಳೇ ಹಡಗುಗಳಲ್ಲಿ ಸಾಮಾನ್ಯವಾಗಿ ಲೈಫ್‌ಬೋಟ್‌ಗಳ ಕೆಳಗೆ ಒಂದು ಪ್ರಾಮೆನೇಡ್ ಡೆಕ್ ಇರುತ್ತದೆ. ನೀರಿಗೆ ಹತ್ತಿರ, ಹೊರಗಡೆ, ಎಷ್ಟೋ ಹಡಗುಗಳಲ್ಲಿ ಮುಂದಿನಿಂದ ಹಿಂದಿನವರೆಗೆ ಒಂದು ಸುತ್ತು ಪೂರ್ತಿ ಹಾಕಬಹುದು. ನಿಮ್ಮ ಹಡಗಿನ ಡೆಕ್ ಪ್ಲಾನ್ ತೆಗೆದು ಮೊದಲು ಅದು ಇದೆಯಾ ನೋಡಿ. ಇದ್ದರೆ ನಿಮ್ಮ ಅಮ್ಮನ ಕುರ್ಚಿ ಅಲ್ಲೇ.

ಬೆಳಿಗ್ಗೆ ಆದಷ್ಟು ಬೇಗ ಏಳಿ. ಆ ಹೊತ್ತಿಗೆ ಕೆಲಸದವರು ಪೈಪ್ ಹಿಡಿದು ರಾತ್ರಿ ಕೂತ ಉಪ್ಪನ್ನು ತೊಳೆಯುತ್ತಿರುತ್ತಾರೆ, ಡೆಕ್ ಒದ್ದೆ ಇರುತ್ತದೆ, ಹುಷಾರಾಗಿ ನಡೆಯಿರಿ. ತೇಗದ ಹಲಗೆ ಹಾಕಿದ ಡೆಕ್ ಆದರೆ ಬಗ್ಗಿ ನೋಡಿ. ಹಲಗೆ ಹಲಗೆ ನಡುವೆ ಕಪ್ಪು ಗೆರೆ ಇರುತ್ತದೆ, ನೀರು ಇಳಿಯದ ಹಾಗೆ ತುಂಬಿದ ಗೋಂದು ಅದು. ವರ್ಷಗಟ್ಟಲೆ ಉಜ್ಜಿ ಉಜ್ಜಿ ಮರ ಸವೆದು, ಕೆಲವು ಕಡೆ ಆ ಕಪ್ಪು ಗೆರೆ ಮರಕ್ಕಿಂತ ಒಂದು ಕೂದಲೆಳೆ ಮೇಲೆ ನಿಂತಿರುತ್ತದೆ. ಬರಿಗಾಲಿಗೆ ಗೊತ್ತಾಗುತ್ತದೆ. ಕಂಬಿಯ ಮೇಲೆ ಬಣ್ಣ ಎದ್ದಿರುವ ಜಾಗ ಸಿಕ್ಕರೆ ಅಲ್ಲಿ ಬೆರಳಿಟ್ಟು ನೋಡಿ, ಬಿಳಿ, ಅದರ ಕೆಳಗೆ ಇನ್ನೊಂದು ಬಿಳಿ, ಕೆಳಗೆ ಬೂದು, ಕೆಲವೊಮ್ಮೆ ಹಿಂದಿನ ಮಾಲೀಕರ ಕಾಲದ ಬೇರೆ ಬಣ್ಣವೇ ಇಣುಕುತ್ತದೆ. ಹಳೇ ಹಡಗು ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೋಗುತ್ತಾ ಹೆಸರು ಬದಲಾಯಿಸಿಕೊಳ್ಳುತ್ತಾ ಇರುತ್ತದೆ, ಅದರ ಗುರುತು ಹೀಗೆ ಅಲ್ಲಲ್ಲಿ ಉಳಿದಿರುತ್ತದೆ. ನನಗೆ ಇದೆಲ್ಲ ನೋಡುವುದೇ ಒಂದು ಹಬ್ಬ.

ಮಧ್ಯಾಹ್ನ 12ರ ಹೊತ್ತಿಗೆ ಬ್ರಿಡ್ಜ್‌ನಿಂದ, ಅಂದರೆ ಹಡಗು ನಡೆಸುವ ಕೋಣೆಯಿಂದ, ಕ್ಯಾಪ್ಟನ್ ಅಥವಾ ಬೇರೆ ಅಧಿಕಾರಿ ಮೈಕಿನಲ್ಲಿ ಮಾತಾಡುವ ಪದ್ಧತಿ ಬಹಳ ಹಡಗುಗಳಲ್ಲಿದೆ. ಎಲ್ಲಿದ್ದೇವೆ, ಗಾಳಿ ಯಾವ ಕಡೆಯಿಂದ, ಕೆಳಗೆ ಸಮುದ್ರ ಎಷ್ಟು ಆಳ, ಎಷ್ಟು ದೂರ ಬಂದೆವು. ತಪ್ಪಿಸಿಕೊಳ್ಳಬೇಡಿ. ಹಡಗು 18 ನಾಟ್ ವೇಗದಲ್ಲಿದೆ ಅಂದರೆ ಗಂಟೆಗೆ ಸುಮಾರು 33 ಕಿಲೋಮೀಟರ್. ಕೇಳೋಕೆ ಕಮ್ಮಿ ಅನಿಸುತ್ತದೆ, ಆದರೆ ಹಗಲು ರಾತ್ರಿ ನಿಲ್ಲದೆ ಓಡಿದರೆ 24 ಗಂಟೆಗೆ 800 ಕಿಲೋಮೀಟರ್. ಇನ್ನೊಂದು ಲೆಕ್ಕ ಅಮ್ಮನಿಗೆ ಹೇಳಿ: ನೀರಿನಿಂದ 16 ಮೀಟರ್ ಎತ್ತರದ ಡೆಕ್‌ನಲ್ಲಿ ನಿಂತರೆ ದಿಗಂತ ಇರುವುದು ಸುಮಾರು 14 ಕಿಲೋಮೀಟರ್ ದೂರದಲ್ಲಿ. ಅಂದರೆ ಅವರ ಸುತ್ತ ಎಲ್ಲ ದಿಕ್ಕಿಗೂ ಅಷ್ಟು ದೂರದವರೆಗೆ ನೀರಿನ ವೃತ್ತ, ಒಳಗೆ ಇರುವುದು ನೀವು ಮಾತ್ರ.

ಬೇಜಾರಿನ ಮಾತು ಬಿಡಿ. ಮಧ್ಯಾಹ್ನ ಊಟ ಆದಮೇಲೆ ಒಂದು ಹೊತ್ತು ಖಾಲಿ ಅನಿಸುತ್ತದೆ ನಿಜ, ಆಗ ಮಲಗಿ. ಬಿಸಿ ಪ್ರದೇಶದ ಸಮುದ್ರ ಆದರೆ ಹಡಗಿನ ಮುಂಭಾಗದ ಅಲೆಯಿಂದ ಹಾರುವ ಮೀನುಗಳು ಎದ್ದು ನೀರಿನ ಮೇಲೆ ಗಾಳಿಯಲ್ಲಿ ತೇಲಿಕೊಂಡು ಹೋಗುವುದು ಕಾಣಬಹುದು, ಪ್ರಾಮೆನೇಡ್ ಡೆಕ್ ಕೆಳಗಿರುವುದರಿಂದ ಅಲ್ಲಿಂದಲೇ ಚೆನ್ನಾಗಿ ಕಾಣುವುದು. ರಾತ್ರಿ ಹಿಂಭಾಗಕ್ಕೆ ಹೋಗಿ, ದೀಪ ಕಮ್ಮಿ ಇರುವ ಮೂಲೆ ಹುಡುಕಿ. ನಕ್ಷತ್ರಗಳ ಬಗ್ಗೆ ನಾನೇನೂ ಹೇಳುವುದಿಲ್ಲ, ನೀವೇ ನೋಡಿ.


ಇಂಜಿನ್‌ರೂಮ್:

ನಾನು ಪ್ರಯಾಣಿಕ ಹಡಗುಗಳಲ್ಲಿ ಇಂಜಿನ್ ವಿಭಾಗದಲ್ಲಿ ಕೆಲಸ ಮಾಡಿದವನು. ಹೆದರಿಸುವವರಿಗೆ ನನ್ನ ಉತ್ತರ ಇದು.

ಮೊದಲು ಆ ತುಕ್ಕಿನ ಕಲೆ. ಲಂಗರು ಮತ್ತು ಅದರ ಸರಪಳಿ ಪ್ರತಿ ಸಲ ಉಜ್ಜಿಕೊಂಡೇ ಕೆಳಗಿಳಿಯುತ್ತವೆ, ಮೇಲೆ ಬರುತ್ತವೆ. ಬಣ್ಣ ಅಲ್ಲಿ ನಿಲ್ಲುವುದೇ ಇಲ್ಲ. ಉಪ್ಪು ನೀರು ತಾಗಿ ಕಂದು ಬಣ್ಣ ಸೋರುತ್ತದೆ, ಕೆಳಗಿನ ಬಿಳಿ ಬಣ್ಣದ ಮೇಲೆ ದೂರಕ್ಕೂ ಎದ್ದು ಕಾಣುತ್ತದೆ. ಹೊಸ ಹಡಗಿಗೂ ಒಂದು ಪ್ರಯಾಣ ಮುಗಿಸಿ ಬರುವಷ್ಟರಲ್ಲಿ ಹಾಗೇ ಆಗುತ್ತದೆ. ಹಡಗಿನ ತಗಡು ತೆಳುವಾಗಿದೆಯೋ ಇಲ್ಲವೋ ಅನ್ನುವುದು ಬಣ್ಣ ನೋಡಿ ಗೊತ್ತಾಗುವ ವಿಷಯ ಅಲ್ಲ. ಅದನ್ನು ಶಬ್ದತರಂಗದ ಉಪಕರಣ ಇಟ್ಟು ಅಳೆಯುತ್ತಾರೆ, ಸವೆದಿದ್ದರೆ ಆ ತುಂಡು ಕತ್ತರಿಸಿ ಹೊಸ ತಗಡು ಬೆಸೆಯುತ್ತಾರೆ.

ಸೋಲಾಸ್ ಅಂತ ಒಂದು ಅಂತಾರಾಷ್ಟ್ರೀಯ ಒಪ್ಪಂದ ಇದೆ, ಹಡಗಿನಲ್ಲಿ ಜೀವರಕ್ಷಣೆಗೆ ಸಂಬಂಧಿಸಿದ್ದು, ಈಗ ನಡೆಯುತ್ತಿರುವುದು 1974ರದ್ದು, ಆಗಾಗ ತಿದ್ದುಪಡಿ ಆಗಿದೆ. ಅದರ ಪ್ರಕಾರ ಪ್ರಯಾಣಿಕ ಹಡಗಿನ ಸುರಕ್ಷತಾ ಪ್ರಮಾಣಪತ್ರಕ್ಕೆ ಆಯಸ್ಸು 12 ತಿಂಗಳು ಮಾತ್ರ. ಪ್ರತಿ ವರ್ಷ ತಪಾಸಣೆ ಆಗಿ ಪಾಸಾದರೆ ಮಾತ್ರ ಮುಂದಕ್ಕೆ. ಹಡಗಿನ ತಳವನ್ನೂ ಪ್ರತಿ ವರ್ಷದ ತಪಾಸಣೆಯಲ್ಲಿ ನೋಡಲೇಬೇಕು. ಈ ತಪಾಸಣೆಯಲ್ಲಿ ಹಳೇದು ಅಂತ ರಿಯಾಯಿತಿ ಇಲ್ಲ. ಬದಲಿಗೆ ಹಳೇ ಹಡಗುಗಳಿಗೇ ಬಿಸಿ ಮುಟ್ಟಿದ್ದು. 1990ರಲ್ಲಿ ಸ್ಕ್ಯಾಂಡಿನೇವಿಯನ್ ಸ್ಟಾರ್ ಹಡಗಿನ ಬೆಂಕಿಯಲ್ಲಿ 150ಕ್ಕೂ ಜಾಸ್ತಿ ಜನ ಸತ್ತರು. ಅದಾದ ಮೇಲೆ ಹಳೇ ಪ್ರಯಾಣಿಕ ಹಡಗುಗಳೂ ಸ್ಪ್ರಿಂಕ್ಲರ್ (ಬೆಂಕಿ ಬಿದ್ದರೆ ಚಾವಣಿಯಿಂದ ನೀರು ಚಿಮುಕಿಸುವ ವ್ಯವಸ್ಥೆ) ಹಾಕಿಸಿಕೊಳ್ಳಲೇಬೇಕು ಅಂತ ಗಡುವು ಬಂತು. ಅಕ್ಟೋಬರ್ 2010ರಿಂದ, ಉರಿಯುವ ವಸ್ತುವಿನಿಂದ ಒಳಗೋಡೆ ಕಟ್ಟಿದ ಹಳೇ ಹಡಗುಗಳು ಅದನ್ನು ಕಿತ್ತು ಬದಲಾಯಿಸಬೇಕು, ಇಲ್ಲದಿದ್ದರೆ ಕೆಲಸದಿಂದ ಇಳಿಯಬೇಕು ಅಂತಾಯಿತು. ಎಷ್ಟೋ ಚೆಂದದ ಹಡಗುಗಳು ಆಗ ಗುಜರಿಗೆ ಹೋದವು. ಬೇಸರವೇ, ಆದರೆ ನಿಯಮ ಸರಿ.

ವಯಸ್ಸು ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ವೈಕಿಂಗ್ ಸ್ಕೈ 2017ರಲ್ಲಿ ಬಂದ ಹಡಗು. ಮಾರ್ಚ್ 2019ರಲ್ಲಿ ನಾರ್ವೆ ಕರಾವಳಿಯ ಹತ್ತಿರ ಬಿರುಗಾಳಿಯಲ್ಲಿ ಅದರ ಇಂಜಿನ್‌ಗಳು ನಿಂತೇಹೋದವು, ತೊಟ್ಟಿಗಳಲ್ಲಿ ಲ್ಯೂಬ್ ಆಯಿಲ್ ಮಟ್ಟ ಕಮ್ಮಿ ಇತ್ತು, ಅಲೆಗೆ ಹಡಗು ಓಲಾಡಿದಾಗ ಪಂಪಿಗೆ ಎಣ್ಣೆ ಸಿಗದೆ ಸುರಕ್ಷಾ ವ್ಯವಸ್ಥೆ ಇಂಜಿನ್ ಆಫ್ ಮಾಡಿತು. ನೂರಾರು ಜನರನ್ನು ಹೆಲಿಕಾಪ್ಟರ್‌ನಲ್ಲಿ ಎತ್ತಬೇಕಾಯಿತು. ಹಡಗಿಗೆ ಆಗ ಎರಡು ವರ್ಷ. ಇನ್ನೊಂದು ಕಡೆ, 1948ರಲ್ಲಿ ಸ್ಟಾಕ್‌ಹೋಮ್ ಅಂತ ಕೆಲಸ ಶುರುಮಾಡಿದ ಹಡಗನ್ನು ನೋಡಿ. 1956ರಲ್ಲಿ ಆಂಡ್ರಿಯಾ ಡೋರಿಯಾ ಅನ್ನುವ ಇಟಲಿಯ ಪ್ರಯಾಣಿಕ ಹಡಗಿಗೆ ಡಿಕ್ಕಿ ಹೊಡೆದದ್ದು ಇದೇ. 1990ರ ದಶಕದಲ್ಲಿ ಒಳಗೆಲ್ಲ ಹೊಸದಾಗಿ ಕಟ್ಟಿದರು, ಕೊನೆಗೆ ಆಸ್ಟೋರಿಯಾ ಅನ್ನುವ ಹೆಸರಿನಲ್ಲಿ 2020ರವರೆಗೂ ಜನರನ್ನು ಹೊತ್ತು ತಿರುಗಿತು. ಎಣ್ಣೆ ಬದಲಾಯಿಸಿದರಾ, ಪಂಪ್ ಬಿಚ್ಚಿ ನೋಡಿದರಾ, ಸ್ಪೇರ್ ಪಾರ್ಟ್‌ಗೆ ದುಡ್ಡು ಕೊಟ್ಟರಾ, ನಾನು ಕೇಳುವುದು ಇಷ್ಟೇ.

ಆ ದಿನ ನೀವು ಡೆಕ್ ಮೇಲೆ ಕೂತಿರುವಾಗ ಕೆಳಗೆ ಏನಾಗುತ್ತಿರುತ್ತದೆ ಅಂತಲೂ ಹೇಳುತ್ತೇನೆ. ನೀವು ಸ್ನಾನ ಮಾಡುವ ನೀರು ಬಹುಪಾಲು ಸಮುದ್ರದ್ದೇ. ಇಂಜಿನ್ ತಂಪು ಮಾಡಿ ಬಿಸಿಯಾದ ನೀರಿನ ಶಾಖವನ್ನು ಸುಮ್ನೆ ಬಿಡದೆ, ಅದರಿಂದ ಸಮುದ್ರದ ನೀರನ್ನು ಆವಿ ಮಾಡುತ್ತೇವೆ. ಒಳಗೆ ಗಾಳಿಯ ಒತ್ತಡ ಕಮ್ಮಿ ಮಾಡಿರುವುದರಿಂದ 100 ಡಿಗ್ರಿ ಬೇಕಾಗುವುದಿಲ್ಲ, ಅದಕ್ಕಿಂತ ಬಹಳ ಕಡಿಮೆ ಬಿಸಿಗೇ ಕುದಿಯುತ್ತದೆ. ಹಡಗು ವೇಗವಾಗಿ ಓಡುವ ದಿನ, ಅಂದರೆ ನಿಮ್ಮ ಸಮುದ್ರದ ದಿನ, ಈ ಕೆಲಸಕ್ಕೆ ಒಳ್ಳೆಯ ದಿನ. ಬಂದರಿನಲ್ಲಿ ನಿಂತಾಗ ತೊಟ್ಟಿ ಖಾಲಿಯಾಗುತ್ತಾ ಬರುತ್ತದೆ, ಸಮುದ್ರಕ್ಕೆ ಬಂದಾಗ ತುಂಬುತ್ತೇವೆ.

ಕ್ಯಾಬಿನ್ ಮಾತ್ರ ಸಾಧ್ಯವಾದರೆ ಬದಲಾಯಿಸಿ. 1990ರ ದಶಕದ ಬಹುಪಾಲು ಹಡಗುಗಳಲ್ಲಿ ಪ್ರೊಪೆಲ್ಲರ್‌ಗೆ ಉದ್ದದ ಶಾಫ್ಟ್, ಅಂದರೆ ಅದನ್ನು ತಿರುಗಿಸುವ ಉಕ್ಕಿನ ದಂಡ, ಇರುತ್ತದೆ. ಮೋಟರ್ ಪ್ರೊಪೆಲ್ಲರ್ ಎರಡೂ ಒಂದೇ ಗೂಡಿನಲ್ಲಿ ಹಡಗಿನ ಹೊರಗೆ ತೂಗುವ ಪಾಡ್ ಮಾದರಿ ಕ್ರೂಸ್ ಹಡಗಿಗೆ ಮೊದಲು ಬಂದದ್ದು 1998ರಲ್ಲಿ, ಕಾರ್ನಿವಲ್ ಇಲೇಷನ್‌ಗೆ. ಶಾಫ್ಟ್ ಇರುವ ಹಡಗಿನಲ್ಲಿ ಹಿಂಭಾಗದ ಕೆಳಗಿನ ಡೆಕ್ ಅಂದರೆ ರಾತ್ರಿಯಿಡೀ ಮಂಚ ಸಣ್ಣಗೆ ನಡುಗುತ್ತಿರುತ್ತದೆ. ಮೇಜಿನ ಮೇಲಿಟ್ಟ ಲೋಟದ ನೀರಿನಲ್ಲಿ ಸುತ್ತುಸುತ್ತಾಗಿ ಗೆರೆ ಏಳುವುದು ಕಾಣುತ್ತದೆ. ಅಪಾಯ ಏನೂ ಇಲ್ಲ, ಆದರೆ ನಿದ್ದೆ ಕಷ್ಟ.


ನೇರಮಾತು:

ಮೇಲಿನ ಇಬ್ಬರೂ ಹೇಳಿದ್ದು ಸರಿ ಇರಬಹುದು, ಆದರೆ ಇನ್ನೊಂದು ಮುಖವೂ ಇದೆ. ನಾನು ಹೋದ ಹಳೇ ಹಡಗಿನಲ್ಲಿ ಎರಡನೇ ರಾತ್ರಿ ಎಸಿ ಕೈಕೊಟ್ಟಿತು. ಕ್ಯಾಬಿನ್ ಒಳಗೆ ಉಸಿರುಗಟ್ಟುವ ಹಾಗಿತ್ತು. ಕಾರಿಡಾರ್‌ನಲ್ಲಿ ಮೇಲಿನ ಪೈಪ್ ಸೋರಿ ಕಾರ್ಪೆಟ್ ಮೇಲೆ ಬಕೆಟ್ ಇಟ್ಟಿದ್ದರು. ನಮ್ಮ ಸಾಲಿನ ಅಷ್ಟೂ ಟಾಯ್ಲೆಟ್ ಅರ್ಧ ದಿನ ಕೆಲಸ ಮಾಡಲಿಲ್ಲ, ಅವು ನೀರಿನಲ್ಲಿ ಅಲ್ಲ ನಿರ್ವಾತದಲ್ಲಿ ಎಳೆಯುವಂಥವು, ಒಬ್ಬರು ಏನಾದರೂ ಹಾಕಬಾರದ್ದು ಹಾಕಿದರೆ ಸಾಲಿಗೆ ಸಾಲೇ ನಿಲ್ಲುತ್ತದೆ. ಕೌಂಟರಿನಲ್ಲಿ ಕೇಳಿದರೆ ನೋಡುತ್ತೇವೆ ನೋಡುತ್ತೇವೆ ಅಂದರೇ ಹೊರತು ಬೇರೆ ಕ್ಯಾಬಿನ್ ಕೊಡಲಿಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಇದು ಸಣ್ಣ ವಿಷಯ ಅಲ್ಲ. ಮುಳುಗುವ ಭಯ ಬೇಡ, ಸರಿ. ಆದರೆ ಮಂಡಿ ನೋವಿನ ಅಮ್ಮನನ್ನು ರಾತ್ರಿ ಎರಡು ಗಂಟೆಗೆ ಬೇರೆ ಡೆಕ್‌ನ ಟಾಯ್ಲೆಟ್‌ಗೆ ಕರೆದುಕೊಂಡು ಹೋಗಬೇಕಾದರೆ ಏನನಿಸುತ್ತದೆ ಯೋಚಿಸಿ.

ಇನ್ನೊಂದು. ಹಳೇ ಹಡಗಿನಲ್ಲಿ ಒಂದು ಇಂಜಿನ್ ಕೆಟ್ಟರೆ ಉಳಿದವುಗಳ ಮೇಲೆ ನಿಧಾನವಾಗಿ ಹೋಗುತ್ತಾರೆ, ಆಗ ಒಂದು ಬಂದರನ್ನೇ ಕೈಬಿಡುತ್ತಾರೆ. ಟಿಕೆಟ್ಟಿನ ಷರತ್ತಿನಲ್ಲಿ ಅದಕ್ಕೆ ಅವರಿಗೆ ಅವಕಾಶ ಇರುತ್ತದೆ, ಓದಿ ನೋಡಿ.

ಹೋಗಬೇಡಿ ಅನ್ನುತ್ತಿಲ್ಲ. ಹೋಗುವ ಮುಂಚೆ ಎರಡು ವಿಷಯ ಪತ್ತೆ ಮಾಡಿ. ಕಡೇ ಸಲ ಡ್ರೈ ಡಾಕ್‌ಗೆ (ಹಡಗನ್ನು ನೀರಿನಿಂದ ಹೊರಗಿಟ್ಟು ರಿಪೇರಿ ಮಾಡುವ ಕಟ್ಟೆ) ಯಾವಾಗ ಹೋಗಿತ್ತು, ಅಲ್ಲಿ ಏನು ಮಾಡಿದರು. ಬರೀ ಪರದೆ ಕಾರ್ಪೆಟ್ ಬದಲಾಯಿಸಿದ್ದನ್ನೇ ದೊಡ್ಡದಾಗಿ ಹೇಳುತ್ತಾರೆ, ಎಸಿ, ಪೈಪ್ ಕೆಲಸ ಆಯಿತಾ ಅಂತ ಕೇಳಿ. ಎರಡನೇದು, ಆ ಹಡಗು ಹೊರದೇಶದಿಂದ ಅಮೆರಿಕದ ಬಂದರಿಗೆ ಬರುವಂಥದ್ದಾದರೆ ಅಲ್ಲಿನ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿ ಅಡುಗೆಮನೆ, ಕುಡಿಯುವ ನೀರು, ಈಜುಕೊಳ ಎಲ್ಲ ತಪಾಸಣೆ ಮಾಡಿ 100ಕ್ಕೆ ಅಂಕ ಕೊಡುತ್ತದೆ. 85 ಅಥವಾ ಕೆಳಗೆ ಬಂದರೆ ಫೇಲ್. ಅಂಕ ಎಲ್ಲರಿಗೂ ನೋಡಲು ಸಿಗುತ್ತದೆ. ಹೊಸ ಹಡಗು ಫೇಲಾಗಿ ಹಳೇದು ಪೂರ್ತಿ ಅಂಕ ತೆಗೆಯುವುದೂ ಉಂಟು.


ದಡದವಳು:

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪ್ರಾಮೆನೇಡ್ ಡೆಕ್ ಇದೆ, ಪ್ಲಾನ್ ನೋಡಿದೆ, ಪೂರ್ತಿ ಸುತ್ತುತ್ತದೆ! ಅಮ್ಮನಿಗೆ ಅಲೆಗಳಹಾದಿ ಅವರ ಉತ್ತರ ಓದಿ ಹೇಳಿದೆ. 14 ಕಿಲೋಮೀಟರ್ ಲೆಕ್ಕವನ್ನು ಎರಡು ಸಲ ಕೇಳಿದರು.

ನೇರಮಾತು ಅವರೇ, ನೀವು ಹೇಳಿದ್ದನ್ನು ಗಂಭೀರವಾಗಿ ತೆಗೆದುಕೊಂಡಿದ್ದೇನೆ. ಕ್ಯಾಬಿನ್ ಬದಲಾಯಿಸಲು ಇವತ್ತೇ ಕೇಳುತ್ತೇನೆ. ಯಾವ ಕಡೆ ಕೇಳಲಿ? ವಾಂತಿಗೆ ಮಾತ್ರೆ ಕೊಡಬಹುದಾ? ಮಂಡಿ ನೋವಿಗೆ ಹಳೇ ಹಡಗಿನಲ್ಲಿ ಓಡಾಡುವುದು ಕಷ್ಟವಾ?


ಶುಶ್ರೂಷೆ:

ನಾನು ನರ್ಸ್. ವಯಸ್ಸಾದ ಅತ್ತೆ ಮಾವನ ಜೊತೆ ಇಂಥದ್ದೇ ಹಡಗಿನಲ್ಲಿ ಹೋಗಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಹಡಗಿನ ಉದ್ದದಲ್ಲಿ ನಡುಮಧ್ಯ, ಎತ್ತರದಲ್ಲಿ ಕೆಳಗೆ. ಅಲ್ಲಿ ಅಲುಗಾಟ ಎಲ್ಲಕ್ಕಿಂತ ಕಮ್ಮಿ. ಮುಂದಿನ ತುದಿ, ಹಿಂದಿನ ತುದಿ ಎರಡೂ ಏತದ ಕೋಲಿನ ಹಾಗೆ ಏಳುತ್ತವೆ ಬೀಳುತ್ತವೆ, ನಡು ಮಾತ್ರ ಹೆಚ್ಚು ಮಿಸುಕುವುದಿಲ್ಲ. ಕಿಟಕಿ ಇರುವುದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಕಿವಿ ಅಲುಗಾಟ ಹೇಳುತ್ತಿರುತ್ತದೆ, ಕಣ್ಣಿಗೆ ಕಾಣುವ ಗೋಡೆ ಅಲುಗುತ್ತಿಲ್ಲ ಅನ್ನುತ್ತದೆ, ಈ ಎರಡರ ಜಗಳಕ್ಕೇ ಹೊಟ್ಟೆ ತೊಳೆಸುವುದು. ದಿಗಂತ ಕಂಡರೆ ಎಷ್ಟೋ ವಾಸಿ. ಹಾಗಾಗಿ ನಿಮ್ಮ ಅಮ್ಮನಿಗೆ ಔಷಧಿಯೂ ಹೊರಗಿನ ಡೆಕ್ಕೇ, ಆಸೆಯೂ ಅದೇ.

ಮಾತ್ರೆ ವಿಷಯ ನಿಮ್ಮ ಡಾಕ್ಟರನ್ನೇ ಕೇಳಿ, ದಯವಿಟ್ಟು ಬೇರೆಯವರ ಮಾತು ಕೇಳಿ ಕೊಡಬೇಡಿ. ಮೆಕ್ಲಿಜಿನ್ ಥರದ ಮಾತ್ರೆಗೆ ನಿದ್ದೆ ಬರುತ್ತದೆ, ಮಂಡಿ ನೋವಿರುವವರು ತೂಕಡಿಸಿಕೊಂಡು ಮೆಟ್ಟಿಲಿಳಿದರೆ ಬೀಳುತ್ತಾರೆ. ಕಿವಿ ಹಿಂದೆ ಅಂಟಿಸುವ ಸ್ಕೊಪೊಲಮಿನ್ ಪಟ್ಟಿಯಿಂದ ವಯಸ್ಸಾದವರಿಗೆ ಕೆಲವೊಮ್ಮೆ ಗೊಂದಲ, ಮಂಕು ಆಗುತ್ತದೆ, ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆ ಇದ್ದರಂತೂ ಡಾಕ್ಟರಿಗೆ ಮೊದಲೇ ಹೇಳಲೇಬೇಕು. ಮಾತ್ರೆ ಯಾವುದೇ ಆಗಲಿ, ಹೊಟ್ಟೆ ಕೆಟ್ಟ ಮೇಲಲ್ಲ, ಅದಕ್ಕೂ ಮುಂಚೆ ತೆಗೆದುಕೊಂಡರೇ ಉಪಯೋಗ. ಊಟ ಬಿಡಬಾರದು, ಸ್ವಲ್ಪ ಸ್ವಲ್ಪ ತಿನ್ನಬೇಕು.

ಓಡಾಟಕ್ಕೆ ಕಷ್ಟ ಇಲ್ಲ, ಆದರೆ ಗಮನ ಬೇಕು. ಹಳೇ ಹಡಗುಗಳಲ್ಲಿ ಬಾತ್‌ರೂಮ್‌ಗೆ ಎತ್ತರದ ಹೊಸ್ತಿಲಿರುತ್ತದೆ, ಡೆಕ್‌ಗೆ ಹೋಗುವ ಬಾಗಿಲಿಗೂ ಅಷ್ಟೇ. ಆ ಬಾಗಿಲು ಭಾರ, ಗಾಳಿ ಇದ್ದರೆ ದಬ್ಬನೆ ಮುಚ್ಚಿಕೊಳ್ಳುತ್ತದೆ. ಚೌಕಟ್ಟಿನ ಮೇಲೆ ಬೆರಳಿಡಬಾರದು ಅಂತ ಅಮ್ಮನಿಗೆ ಮೊದಲೇ ಹೇಳಿಡಿ, ಬೆರಳು ಜಜ್ಜಿಕೊಂಡವರನ್ನು ನೋಡಿದ್ದೇನೆ. ಕಾರಿಡಾರ್ ಉದ್ದಕ್ಕೂ ಕೈಹಿಡಿ ಇರುತ್ತದೆ, ಸಮುದ್ರ ಶಾಂತವಾಗಿದ್ದರೂ ಒಂದು ಕೈ ಅದರ ಮೇಲಿರಲಿ.

ಕೈ ತೊಳೆಯುವುದು ಸೋಪು ನೀರಿನಲ್ಲಿ. ಬಾಗಿಲಲ್ಲಿ ಸ್ಯಾನಿಟೈಸರ್ ಇಟ್ಟಿರುತ್ತಾರೆ, ಆದರೆ ಹಡಗಿನಲ್ಲಿ ವಾಂತಿ ಭೇದಿ ಹರಡುವ ನೋರೋವೈರಸ್‌ಗೆ ಅದು ಅಷ್ಟಾಗಿ ತಾಗುವುದಿಲ್ಲ.


ಇಂಜಿನ್‌ರೂಮ್:

ಶುಶ್ರೂಷೆ ಅವರು ಹೇಳಿದ್ದಕ್ಕೆ ಒಂದೆರಡು ಸೇರಿಸುತ್ತೇನೆ. ನೇರಮಾತು ಅವರು ಎಸಿ, ಪೈಪ್ ಬಗ್ಗೆ ಬರೆದದ್ದು ನೂರಕ್ಕೆ ನೂರು ನಿಜ. ಹಳೇ ಹಡಗಿನಲ್ಲಿ ಮೊದಲು ಕೈಕೊಡುವುದು ಅವೇ. ನಮ್ಮ ವಿಭಾಗದವರು ರಾತ್ರಿ ಹಗಲು ಅದರ ಹಿಂದೆಯೇ ಇರುತ್ತಾರೆ. ಏನೇ ಸಣ್ಣ ತೊಂದರೆ ಕಂಡರೂ ತಕ್ಷಣ ಫೋನ್ ಮಾಡಿ ಹೇಳಿ, ಬೆಳಿಗ್ಗೆ ನೋಡೋಣ ಅಂತ ಸುಮ್ನಿರಬೇಡಿ.

ಸ್ಟೆಬಿಲೈಸರ್ ಇದೆಯಲ್ಲ ಅಂತ ಯಾರಾದರೂ ಹೇಳಬಹುದು. ಇರುತ್ತದೆ, ಹಡಗಿನ ಎರಡೂ ಪಕ್ಕದಿಂದ ನೀರಿನೊಳಗೆ ಚಾಚುವ ರೆಕ್ಕೆಗಳು. ಪಕ್ಕದಿಂದ ಪಕ್ಕಕ್ಕೆ ಓಲಾಡುವುದನ್ನು ಬಹಳ ಮಟ್ಟಿಗೆ ತಡೆಯುತ್ತವೆ, ಆದರೆ ಮುಂದೆ ಹಿಂದೆ ಏಳುವುದು ಬೀಳುವುದಕ್ಕೆ ಅವುಗಳಿಂದ ಏನೂ ಆಗುವುದಿಲ್ಲ. ಅದಕ್ಕೇ ನಡುಭಾಗದ ಕ್ಯಾಬಿನ್ ಅಂತ ನಾವೆಲ್ಲ ಒತ್ತಿ ಹೇಳುವುದು. ಗೋಡೆಯ ಹಲಗೆಗಳು ಕಿರ್ ಕಿರ್ ಅನ್ನುತ್ತವೆ, ಹೆದರಬೇಡಿ, ಹಡಗು ಅಲೆಯ ಮೇಲೆ ಸ್ವಲ್ಪ ಬಾಗುವ ಹಾಗೇ ಕಟ್ಟಿರುತ್ತಾರೆ.

ಹತ್ತಿದ ದಿನ ಸುರಕ್ಷತೆ ಬಗ್ಗೆ ತಾಲೀಮು ಇರುತ್ತದೆ. ಕೋಸ್ಟಾ ಕಾಂಕೋರ್ಡಿಯಾ ಜನವರಿ 2012ರಲ್ಲಿ ಬಂಡೆಗೆ ಬಡಿದು 32 ಜನ ಸತ್ತರು. ಆ ದಿನ ಹತ್ತಿದವರಿಗೆ ತಾಲೀಮು ಆಗಿರಲೇ ಇಲ್ಲ, ಆಗಿನ ನಿಯಮದಲ್ಲಿ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. 2015ರಿಂದ ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಆಗಲೇಬೇಕು. ತುರ್ತು ಸೂಚನೆ ಅಂದರೆ ಏಳು ಚಿಕ್ಕ ಸದ್ದು, ಒಂದು ಉದ್ದ ಸದ್ದು. ನಿಮ್ಮ ಕ್ಯಾಬಿನ್‌ನಿಂದ ಸೇರಬೇಕಾದ ಜಾಗಕ್ಕೆ ಅಮ್ಮನ ಜೊತೆ ಒಂದು ಸಲ ಮೆಟ್ಟಿಲಲ್ಲೇ ನಡೆದು ನೋಡಿ, ತುರ್ತು ಹೊತ್ತಿನಲ್ಲಿ ಲಿಫ್ಟ್ ಇರುವುದಿಲ್ಲ. ಮಂಡಿ ನೋವಿದೆ ಅಂತ ಮೊದಲೇ ತಿಳಿಸಿದರೆ ಸಹಾಯಕ್ಕೆ ಒಬ್ಬರನ್ನು ನೇಮಿಸುತ್ತಾರೆ.

ಕೆಳಗಿನ ಡೆಕ್‌ನಲ್ಲಿ ದುಂಡು ಕಿಟಕಿಯ ಕ್ಯಾಬಿನ್ ಸಿಕ್ಕರೆ ಇದೊಂದು ತಿಳಿದಿರಲಿ. ಸಮುದ್ರ ಜೋರಾದಾಗ ಕೆಲಸದವರು ಬಂದು ಆ ಗಾಜಿನ ಮೇಲೆ ಉಕ್ಕಿನ ಮುಚ್ಚಳ ಹಾಕಿ ತಿರುಪು ಬಿಗಿಯುತ್ತಾರೆ. ಏನೋ ಅನಾಹುತ ಆಗಿದೆ ಅಂತ ಅಮ್ಮ ಗಾಬರಿಯಾಗಬಾರದು, ಅದು ಮಾಮೂಲಿ ಕ್ರಮ, ಅಲೆ ಇಳಿದ ಮೇಲೆ ಅವರೇ ಬಂದು ತೆಗೆಯುತ್ತಾರೆ.